ನೀವು ಇದೇ ಮನೆಯವರೇ?

ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ಗೋಲಿನಿಂದ ಶುರು ಮಾಡಿದರೆ ಮುಂದಿನದೆಲ್ಲ ಸಪ್ಪೆ. ವಿಚ್ಛೇದನದಿಂದ ಶುರು ಮಾಡಿದರೆ ನೀವು ಪುಟ ಮಗುಚುತ್ತೀರಿ. ಅಂಥ ಕಥೆ ಓದಿ ಓದಿ ನಿಮಗೂ ಸಾಕಾಗಿದೆ. ಫುಟ್‌ಬಾಲ್ ಲೀಗಿನ ಪ್ರಸಾರದ ಹಕ್ಕನ್ನು ಸ್ಟ್ರೀಮಿಂಗ್ ಕಂಪನಿಯೊಂದು ಕೊಂಡುಕೊಂಡಿತು ಎಂದು ಶುರು ಮಾಡಿದರೆ ಇದು ಕಥೆಯಲ್ಲ, ವಾಣಿಜ್ಯ ಪುಟದ ವರದಿ.

ತೊಂದರೆಯೆಂದರೆ ನನ್ನ ಕಥೆ ಇರುವುದು ಈ ಮೂರೂ ಕೂಡುವ ಮೂಲೆಯಲ್ಲಿ. ಹೋಗಲಿ, ಜನರಿಂದಲೇ ಶುರು ಮಾಡುತ್ತೇನೆ. ಇರುವುದೇ ಇಬ್ಬರು.

೧

ಅವಳು ಕಟ್ಟುಹಲ್ಲು ಮಾಡುವವಳು. ದಂತವೈದ್ಯರು ಕಳಿಸಿದ ಅಚ್ಚನ್ನು ಮುಂದಿಟ್ಟುಕೊಂಡು, ಮೇಣದಲ್ಲಿ ಒಸಡು ತಿದ್ದಿ, ಒಂದೊಂದೇ ಹಲ್ಲು ಕೂರಿಸಿ, ಯಾರದೋ ನಗುವನ್ನು ಸಿದ್ಧಮಾಡಿ ಡಬ್ಬಿಗೆ ಹಾಕುತ್ತಾಳೆ. ಆ ನಗುವಿನ ಒಡೆಯರನ್ನು ಅವಳು ನೋಡುವುದೇ ಇಲ್ಲ.

ಅವನು ಲಿಫ್ಟ್ ರಿಪೇರಿಯವನು. ಮಹಡಿ ಮಹಡಿಗಳ ನಡುವೆ ಸಿಕ್ಕಿಕೊಂಡವರಿಗೆ ಹೊರಗಿನಿಂದ ಸಮಾಧಾನ ಹೇಳುತ್ತಾ ಬಾಗಿಲು ಬಿಡಿಸುವವನು. ಕಂಡಕಂಡವರಿಗೆಲ್ಲ ಸಮಾಧಾನ ಹೇಳಿ ಮನೆಗೆ ಬರುವ ಹೊತ್ತಿಗೆ ಅವನಲ್ಲಿ ಮಾತು ಮುಗಿದಿರುತ್ತಿತ್ತು.

(‘ಅದು ನಿಮ್ಮ ಊಹೆ’ ಎಂದು ಅವನು ಇಲ್ಲಿ ಅಡ್ಡ ಬಾಯಿ ಹಾಕಿದ. ಮಾತಿತ್ತಂತೆ, ಕೇಳುವವರಿಗೆ ಪುರುಸೊತ್ತಿರಲಿಲ್ಲವಂತೆ. ಇರಬಹುದು. ಹಾಗೆಂದು ಬರೆದರೆ ಅವಳು ಜಗಳಕ್ಕೆ ಬರುತ್ತಾಳೆ. ಇಬ್ಬರ ನಡುವೆ ನಾನೇಕೆ ಸಿಕ್ಕಿಹಾಕಿಕೊಳ್ಳಲಿ?)

ಇಬ್ಬರೂ ಮೊದಲು ಭೇಟಿಯಾದದ್ದು ಮೈದಾನದಲ್ಲಿ, ಗೋಲುಕಂಬದ ಹಿಂದಿನ ಅಗ್ಗದ ಸಾಲಿನಲ್ಲಿ. ಇಬ್ಬರೂ ತಮ್ಮೂರಿನ ಟೀಮಿನ ಅಭಿಮಾನಿಗಳು. ನೀಲಿ ಅಂಗಿಯ ಟೀಮು, ಎಲ್ಲರ ಬಾಯಲ್ಲೂ ‘ನೀಲಿಗಳು’. ಗೆಲ್ಲುವ ಅಭ್ಯಾಸ ಅಷ್ಟಾಗಿ ಇಲ್ಲದ ಟೀಮು. ಅಂಥ ಟೀಮನ್ನು ಪ್ರೀತಿಸುವವರು ಮದುವೆಯನ್ನೂ ನಿಭಾಯಿಸಬಲ್ಲರು ಎಂದು ಅವಳ ಅಕ್ಕ ತಮಾಷೆ ಮಾಡಿದ್ದಳು. ಅಕ್ಕನ ಲೆಕ್ಕ ತಪ್ಪಿತು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಇವರಲ್ಲಿ ಜಗಳವೇ ಇರಲಿಲ್ಲ. ಉಣ್ಣುತ್ತಿದ್ದರು, ಮಲಗುತ್ತಿದ್ದರು. ಹೀಗೇ ಕೆಲವು ವರ್ಷ ಕಳೆದ ಮೇಲೆ ಒಂದು ದಿನ ಇಬ್ಬರೂ ವಕೀಲರ ಮುಂದೆ ಅಕ್ಕಪಕ್ಕ ಕೂತು, ಸಭ್ಯವಾಗಿ, ಬೇರೆಯಾದರು. ಮಂಚ ಅವಳಿಗೆ, ಸೋಫಾ ಅವನಿಗೆ. ಟೀಮನ್ನು ಮಾತ್ರ ಪಾಲು ಮಾಡಲಾಗಲಿಲ್ಲ.

ಬೇರೆಯಾದ ಮೇಲಿನ ಮೊದಲ ಭಾನುವಾರ, ಮಧ್ಯಾಹ್ನದ ಮ್ಯಾಚಿನಲ್ಲಿ ನೀಲಿಗಳ ಒಂದು ಗೋಲನ್ನು ರೆಫರಿ ತಳ್ಳಿಹಾಕಿದ. ಅವಳ ಫೋನು ಬಡಿದುಕೊಂಡಿತು.

“ಅದು ಆಫ್‌ಸೈಡ್ ಅಲ್ಲ, ಅಲ್ವಾ?” ಎಂದ ಅವನು.

“ಅಲ್ಲವೇ ಅಲ್ಲ” ಎಂದಳು.

ಅಷ್ಟೇ ಮಾತು. ಆದರೆ ಇಬ್ಬರೂ ಫೋನು ಇಡಲಿಲ್ಲ. ಅಂದಿನಿಂದ ಪ್ರತಿ ಮ್ಯಾಚಿಗೂ ಇದೇ ಪದ್ಧತಿಯಾಯಿತು. ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟು, ಅವರವರ ಮನೆಯಲ್ಲಿ ಅವರವರು ಕೂತು ಮ್ಯಾಚು ನೋಡುವುದು. ಬೇರೆ ವಿಷಯ ಎತ್ತುವಂತಿಲ್ಲ. ಆಗ ಮ್ಯಾಚು ಬರುತ್ತಿದ್ದುದು ಎಲ್ಲರ ಮನೆಯಲ್ಲೂ ಪುಕ್ಕಟೆ ಸಿಗುವ ಒಂದೇ ಚಾನೆಲ್ಲಿನಲ್ಲಿ. ಗೋಲಾದರೆ ಇಬ್ಬರ ಕೂಗೂ ಒಂದೇ ಕ್ಷಣಕ್ಕೆ ಏಳುತ್ತಿತ್ತು. ಆ ಒಂದು ಕ್ಷಣದ ಮಟ್ಟಿಗೆ ಅವರು ಒಂದೇ ಕೋಣೆಯಲ್ಲಿರುತ್ತಿದ್ದರು.

೨

ಈ ಭಾಗವನ್ನು ಮೊದಲು ಬೇರೆ ಥರ ಬರೆದಿದ್ದೆ. ಒಂದು ಕ್ಷೌರದಂಗಡಿ, ಅಲ್ಲೊಂದು ಹಳೆಯ ಟಿವಿ, ಸುತ್ತ ನೆರೆದ ಜನ, ಕೊನೆಗೆ ಕಪ್ಪಾದ ತೆರೆ. ಓದಿ ನೋಡಿದರೆ ಜಾಹೀರಾತಿನಂತಿತ್ತು. ಹರಿದು ಹಾಕಿದೆ. (ನಿಜ ಹೇಳಬೇಕೆಂದರೆ ಡಿಲೀಟ್ ಮಾಡಿದೆ. ಹರಿದು ಹಾಕಿದೆ ಎಂದರೆ ಲೇಖಕನಿಗೊಂದು ಘನತೆ.)

ನಡೆದದ್ದು ಇಷ್ಟು. ಹೊಸ ಸೀಸನ್ನಿನಿಂದ ಲೀಗಿನ ಮ್ಯಾಚುಗಳೆಲ್ಲ ಒಂದು ಆ್ಯಪಿನಲ್ಲಿ ಮಾತ್ರ ಎಂದಾಯಿತು. ‘ಅಂಗೈಯಲ್ಲೇ ಮೈದಾನ’ ಎಂದು ಬಸ್ಸಿನ ಬೆನ್ನಿಗೆಲ್ಲ ಅಂಟಿಸಿದರು. ಅವಳ ಕೆಳಮನೆಯ ನಿವೃತ್ತ ಪೋಸ್ಟ್‌ಮನ್, ಒಂದು ಮ್ಯಾಚನ್ನೂ ತಪ್ಪಿಸದವರು, ಸ್ಕೋರು ಗೊತ್ತಾದರೆ ಸಾಕು ಬಿಡಮ್ಮ ಅನ್ನತೊಡಗಿದರು. ಅದೂ ಕೆಲವು ವಾರ. ಆಮೇಲೆ ಸ್ಕೋರನ್ನೂ ಕೇಳಲಿಲ್ಲ. ಸೋಮವಾರ ಅವಳ ಹಲ್ಲಿನ ಲ್ಯಾಬಿನಲ್ಲಿ ಮ್ಯಾಚಿನ ಮಾತೆತ್ತಿದರೆ ಒಬ್ಬಳು ಅದನ್ನು ನೇರವಾಗಿ ನೋಡಿರುತ್ತಿದ್ದಳು, ಇನ್ನೊಬ್ಬ ತುಣುಕುಗಳನ್ನಷ್ಟೇ ನೋಡಿರುತ್ತಿದ್ದ, ಮತ್ತೊಬ್ಬ ಕಿವಿ ಮುಚ್ಚಿಕೊಂಡು, ಹೇಳಬೇಡಿ, ನಾನು ಸಂಜೆ ನೋಡುವವನು ಎನ್ನುತ್ತಿದ್ದ. ಹಿಂದೆ ಗೋಲಾದಾಗ ಬೀದಿಯ ಕಿಟಕಿಗಳೆಲ್ಲ ಒಟ್ಟಿಗೆ ಕೂಗುತ್ತಿದ್ದವು. ಈಗ ಅಲ್ಲೊಂದು ಕಿಟಕಿ, ಸ್ವಲ್ಪ ತಡೆದು ಇಲ್ಲೊಂದು. ವೀಕ್ಷಕರ ಸಂಖ್ಯೆ ದಾಖಲೆ ಮುರಿಯಿತೆಂದು ಕಂಪನಿ ಹೇಳಿಕೊಂಡಿತು. ಸುಳ್ಳೇನಲ್ಲ. ಎಲ್ಲರೂ ನೋಡುತ್ತಿದ್ದರು, ಜೊತೆಯಲ್ಲಿ ಯಾರೂ ನೋಡುತ್ತಿರಲಿಲ್ಲ.

ಅವನು ಆ್ಯಪಿಗೆ ಸೇರಿದ, ಪಾಸ್‌ವರ್ಡನ್ನು ಅವಳಿಗೂ ಕೊಟ್ಟ. ಇಬ್ಬರೂ ದುಡಿಯುತ್ತೇವೆ, ನನ್ನದು ನಾನೇ ತಗೋತೀನಿ ಎಂದು ಅವಳು ಅಂದದ್ದಕ್ಕೆ, ಒಂದರಲ್ಲಿ ಇಬ್ಬರು ನೋಡಬಹುದಂತೆ, ಸುಮ್ಮನೆ ಯಾಕೆ ಎಂದ. ಅವಳು ಹೆಚ್ಚು ವಾದಿಸಲಿಲ್ಲ.

ಮೊದಲ ಮ್ಯಾಚಿನಲ್ಲೇ ಎಡವಟ್ಟು. ಅವಳ ಟಿವಿಯಲ್ಲಿ ನೀಲಿಗಳ ಆಟಗಾರ ಇನ್ನೂ ಚೆಂಡನ್ನು ಎದೆಯ ಮೇಲೆ ತಡೆಯುತ್ತಿದ್ದ. ಫೋನಿನಲ್ಲಿ ಅವನು ಆಗಲೇ ಕೂಗಿದ. ಅವನ ಬಡಾವಣೆಯ ಇಂಟರ್‌ನೆಟ್ ಚುರುಕು, ಅವಳದು ಮುದಿ ಕಟ್ಟಡದ ಮುದಿ ತಂತಿ. ಅವನ ಮ್ಯಾಚು ಮುಂದೆ, ಅವಳದು ಹಿಂದೆ. ಗೋಲು ಅವಳ ಮನೆಗೆ ಬರುವ ಹೊತ್ತಿಗೆ ಅವನ ಸಂಭ್ರಮ ಮುಗಿದು ನೀರು ಕುಡಿಯುತ್ತಿರುವ ಸದ್ದು ಕೇಳುತ್ತಿತ್ತು.

ಮುಂದಿನ ವಾರದಿಂದ ಅವನು ಕೂಗನ್ನು ನುಂಗಿಕೊಳ್ಳತೊಡಗಿದ. ಆದರೆ ಉಸಿರನ್ನು ನುಂಗಲಾಗುತ್ತದೆಯೇ? ಅವನ ಉಸಿರು ಸಿಕ್ಕಿಕೊಂಡರೆ ಗೋಲು, ಜಾರಿ ಹೋದರೆ ಗೋಲು ತಪ್ಪಿತು. ಅವಳು ಟಿವಿಗಿಂತ ಮೊದಲು ಆ ಉಸಿರನ್ನು ಕೇಳಿ ಫಲಿತಾಂಶ ತಿಳಿಯುತ್ತಿದ್ದಳು. ಅಷ್ಟು ವರ್ಷ ಜೊತೆಯಲ್ಲಿ ಬದುಕಿದಾಗ ಆ ಉಸಿರಿಗೆ ಹೀಗೆ ಕಿವಿಗೊಟ್ಟಿರಲಿಲ್ಲ ಎಂಬುದು ಅವಳಿಗೆ ಹೊಳೆದದ್ದು ಆಗ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ. ಹಲ್ಲಿನವಳಿಗೇ ಈ ಗಾದೆ ಹೇಳುವುದು ಅಧಿಕಪ್ರಸಂಗ, ಕ್ಷಮಿಸಿ.

ಕೊನೆಗೆ ದಾರಿ ಕಂಡುಹಿಡಿದವನು ಅವನೇ. ಮುಂದಿದ್ದವನೇ ತಾನೇ ನಿಲ್ಲಬೇಕು? ಅವನು ತನ್ನ ಮ್ಯಾಚನ್ನು ತಡೆದು ನಿಲ್ಲಿಸಿ ಕೇಳಿದ.

“ನಿಂದು ಎಲ್ಲಿಗೆ ಬಂತು?”

“ಥ್ರೋ ಎಸೀತಾ ಇದ್ದಾನೆ.”

“ಬರಲಿ. ಕಾಯ್ತೀನಿ.”

ಕಾಯುತ್ತೇನೆ ಎಂಬ ಪದವನ್ನು ಅವನ ಬಾಯಲ್ಲಿ ಅವಳು ಕೇಳಿದ್ದು ಅದೇ ಮೊದಲು.

೪

ಮೂರನೆಯ ಭಾಗ ಇಲ್ಲ. ಅದರಲ್ಲಿ ಅವಳು ಅಳುವ ದೃಶ್ಯವಿತ್ತು. ಅವಳು ಬಂದು ಎದುರಿಗೆ ಕೂತು, ನಾನು ಯಾವಾಗ ಅತ್ತೆ ಎಂದು ಕೇಳಿದಳು. ಓದುಗರಿಗೆ ಹಂಬಲ ತಿಳಿಯಬೇಕಲ್ಲ ಎಂದು ನಾನು ಸಮಜಾಯಿಷಿ ಕೊಟ್ಟೆ.

“ನಂಗೆ ಫುಟ್‌ಬಾಲ್ ಇಷ್ಟ” ಎಂದಳು. “ಅವನಿಗೋಸ್ಕರ ನೋಡ್ತೀನಿ ಅಂತ ಬರೀಬೇಡಿ. ಅವನ ಜೊತೆ ನೋಡೋದೂ ಇಷ್ಟ. ಎರಡೂ ಬೇರೆ ಬೇರೆ.”

ಒಪ್ಪಿದೆ. ಆದರೆ ಎರಡೂ ಬೇರೆ ಬೇರೆ ಎನ್ನುವಾಗ ಅವಳು ನನ್ನ ಮುಖ ನೋಡಲಿಲ್ಲ. ಅದನ್ನಾದರೂ ಬರೆಯಲು ಬಿಡಿ.

೫

ಚಳಿಗಾಲದ ಒಂದು ಭಾನುವಾರ ಅವಳು ಟಿವಿ ಹಾಕಿದಾಗ ಆಟಗಾರರ ಬದಲು ಒಂದು ಪ್ರಶ್ನೆ ಬಂದಿತು. ಈ ಟಿವಿ ಖಾತೆದಾರರ ಮನೆಗೆ ಸೇರಿದ್ದಲ್ಲವೆಂದು ಕಾಣುತ್ತದೆ. ನೀವು ಇದೇ ಮನೆಯವರೇ? ಕೆಳಗೆ ಎರಡು ಗುಂಡಿ: ಹೌದು, ಅಲ್ಲ.

ನ್ಯಾಯಾಲಯದಲ್ಲೂ ಯಾರೂ ಇಷ್ಟು ನೇರವಾಗಿ ಕೇಳಿರಲಿಲ್ಲ. ಅವಳು ರಿಮೋಟು ಹಿಡಿದು ಸ್ವಲ್ಪ ಹೊತ್ತು ಕೂತಳು. ಆಮೇಲೆ ‘ಹೌದು’ ಒತ್ತಿದಳು.

ಹಾಗಾದರೆ ಖಾತೆದಾರರ ಫೋನಿಗೆ ಬಂದ ಗುಪ್ತಸಂಖ್ಯೆಯನ್ನು ನಮೂದಿಸಿ ಎಂದಿತು ಟಿವಿ. ಅವನಿಗೆ ಫೋನು ಮಾಡಿದಳು. ಅವನು ಒಂದೊಂದೇ ಅಂಕಿಯನ್ನು ನಿಧಾನವಾಗಿ, ಲಿಫ್ಟಿನಲ್ಲಿ ಸಿಕ್ಕಿಕೊಂಡವರಿಗೆ ಹೇಳುವ ದನಿಯಲ್ಲಿ, ಓದಿ ಹೇಳಿದ. ಅಂದಿನಿಂದ ಪ್ರತಿ ಮ್ಯಾಚಿಗೂ ಮುನ್ನ ಅದೇ ಪ್ರಶ್ನೆ, ಅದೇ ಹೌದು, ಅದೇ ದನಿ. ಕಂಪನಿಯವರು ಕಳ್ಳರನ್ನು ಹಿಡಿಯಲು ಹಾಕಿದ ಬಲೆ ಅದು. ಅವಳಂತೂ ಮ್ಯಾಚಿಗಿಂತ ಮೊದಲಿನ ಆ ಒಂದು ನಿಮಿಷಕ್ಕೆ ವಾರವಿಡೀ ಕಾಯತೊಡಗಿದಳು.

(ಇದನ್ನು ಅವಳಿಗೆ ತೋರಿಸಿದೆ. ಅಳಿಸಿ ಎನ್ನಲಿಲ್ಲ.)

೬

ಸೀಸನ್ನು ಮುಗಿಯುತ್ತ ಬಂದಿತು. ನೀಲಿಗಳು ತಳದ ಸಾಲಿಗೆ ಜಾರಿದ್ದರು. ಹೀಗೇ ಸೋಲುತ್ತಿದ್ದರೆ ಕೆಳಗಿನ ಲೀಗಿಗೆ ಇಳಿಯಬೇಕು. ಆ್ಯಪು ತೆರೆದ ಕೂಡಲೇ ಯಾರು ನೋಡುತ್ತಿದ್ದೀರಿ ಎಂದು ಕೇಳುವ ಪುಟ ಬರುತ್ತದೆಯಲ್ಲ, ಅಲ್ಲಿ ಯಾವಾಗಲೂ ಎರಡು ಮುಖಗಳು ಇರುತ್ತಿದ್ದವು, ಅವನದೊಂದು, ಅವಳದೊಂದು. ಒಂದು ಭಾನುವಾರ ಮೂರನೆಯದೊಂದಿತ್ತು. ಕೆಂಪು ಟೋಪಿಯ ಕರಡಿಮರಿ. ಮಕ್ಕಳಿಗೆಂದು ಇರುವ ಮುಖ.

ಅವಳಿಗೆ ಅರ್ಥವಾಯಿತು. ಮಗು ಒಂದೇ ಬಂದಿರುವುದಿಲ್ಲ, ಮಗುವಿನ ಅಮ್ಮನೂ ಬಂದಿರಬೇಕು.

ಅಂದೂ ಪ್ರಶ್ನೆ ಬಂದಿತು. ಅವಳು ಯಾವ ಗುಂಡಿಯನ್ನೂ ಒತ್ತದೆ ಫೋನು ಮಾಡಿದಳು.

“ಕರಡಿಗೆ ಎಷ್ಟು ವರ್ಷ?”

“ಆರು” ಎಂದ. “ಹೇಳ್ಬೇಕು ಅಂತಾನೇ ಇದ್ದೆ. ಬೇರೆ ವಿಷಯ ಮಾತಾಡೋ ಹಾಗಿಲ್ಲವಲ್ಲ, ನಾವು.”

“ಯಾವ ಟೀಮು?”

“ಫುಟ್‌ಬಾಲ್ ಅಂದ್ರೆ ಮಗೂಗೆ ಬೋರಂತೆ. ಟಿವಿ ಎದುರಿಗೆ ಬಂದು ನಿಂತ್ಕೋತಾಳೆ.”

ಅವಳು ನಕ್ಕಳು. ಆ ನಗು ನಿಜವಾದದ್ದೇ, ನಾನು ಕೂರಿಸಿದ್ದಲ್ಲ. ಆಮೇಲೆ, ಇನ್ನು ತನ್ನ ಖಾತೆಯನ್ನು ತಾನೇ ಮಾಡಿಕೊಳ್ಳುವುದಾಗಿ ಹೇಳಿದಳು. ಯಾಕೆ ಎಂದು ಅವನು ಕೇಳಲಿಲ್ಲ.

“ಪ್ರತಿ ಸಲ ಹೌದು ಅಂತ ಒತ್ತಿ ಒತ್ತಿ, ನಂಗೇ ಅದು ನಿಜ ಅನ್ಸೋಕೆ ಶುರುವಾಗಿತ್ತು” ಎಂದಳು.

ಅವನು ಅಂಕಿಗಳನ್ನು ಓದಲು ಕಾದಿದ್ದನೋ ಏನೋ. ಅವಳು ‘ಅಲ್ಲ’ ಎಂಬುದನ್ನು ಒತ್ತಿ ಫೋನಿಟ್ಟಳು.

೭

ಈಗ ಮುಗಿಸಬೇಕು. ಒಂದು ಮುಕ್ತಾಯದಲ್ಲಿ ಇಬ್ಬರೂ ಕೊನೆಯ ಮ್ಯಾಚಿಗೆ ಮೈದಾನಕ್ಕೇ ಹೋಗುತ್ತಾರೆ, ಗೋಲುಕಂಬದ ಹಿಂದೆ ಅಕಸ್ಮಾತ್ ಎದುರಾಗುತ್ತಾರೆ. ಬರೆದೆ. ಕರಡಿಮರಿಯ ಅಮ್ಮನನ್ನು ಎಲ್ಲಿ ಕೂರಿಸುವುದೆಂದು ತಿಳಿಯದೆ ಬಿಟ್ಟೆ. ಇನ್ನೊಂದರಲ್ಲಿ ಅಭಿಮಾನಿಗಳೆಲ್ಲ ದಂಗೆಯೆದ್ದು ಮ್ಯಾಚು ಹಳೆಯ ಚಾನೆಲ್ಲಿಗೆ ಮರಳುತ್ತದೆ. ಅದನ್ನು ಬರೆಯುವಾಗ ನನಗೇ ನಗು ಬಂದಿತು. ಮೂರನೆಯದು ಅವನ ಸಲಹೆ: ಅವಳಿಗೂ ಯಾರಾದರೂ ಸಿಗಲಿ. ನಿನ್ನ ಮನಸ್ಸು ಹಗುರವಾಗಲೆಂದು ನಾನು ಜನ ಹುಟ್ಟಿಸಲಾರೆ ಎಂದೆ.

ನನಗೆ ಗೊತ್ತಿರುವುದು ಇಷ್ಟೇ. ಆಮೇಲಿನ ಮ್ಯಾಚುಗಳನ್ನು ಅವಳು ತನ್ನದೇ ಖಾತೆಯಲ್ಲಿ ನೋಡಿದಳು. ಆ್ಯಪು ಏನನ್ನೂ ಕೇಳಲಿಲ್ಲ. ಅವಳೂ ಮಾಡಲಿಲ್ಲ, ಅವನೂ ಮಾಡಲಿಲ್ಲ, ಫೋನು. ಗೋಲು ಈಗ ಅವಳಿಗೆ ಗೋಲಾಗಿಯೇ ಬರುತ್ತಿತ್ತು, ಮುನ್ಸೂಚನೆ ಇಲ್ಲದೆ. ಅವಳು ಕೂಗುತ್ತಿದ್ದಳು. ಕೂಗಿದ ಮೇಲೆ ಮನೆ ಮೊದಲಿಗಿಂತ ದೊಡ್ಡದೆನಿಸುತ್ತಿತ್ತು.

ಕೊನೆಯ ಮ್ಯಾಚು. ಸಮಬಲ, ಆಟ ಮುಗಿಯುವ ಹೊತ್ತು, ನೀಲಿಗಳಿಗೆ ಪೆನಾಲ್ಟಿ. ಹಾಕಿದರೆ ಲೀಗಿನಲ್ಲಿ ಉಳಿಯುತ್ತಾರೆ. ಅವಳ ಟಿವಿಯಲ್ಲಿ ಆಟಗಾರ ಚೆಂಡನ್ನು ಚುಕ್ಕೆಯ ಮೇಲಿಟ್ಟು ಹಿಂದೆ ಸರಿಯುತ್ತಿದ್ದ. ಆಗ ಫೋನು ಬಡಿದುಕೊಂಡಿತು. ಅವನೇ. ಅವನ ಮನೆಯಲ್ಲಿ ಆ ಪೆನಾಲ್ಟಿ ಆಗಲೇ ಆಗಿಹೋಗಿದೆ. ತಡೆಯಲಾರದೆ ಮಾಡಿದ್ದಾನೆ, ಖುಷಿಗೋ ದುಃಖಕ್ಕೋ.

ಅವಳು ಎತ್ತಿಕೊಂಡಳು. ಅವನು ಉಸಿರೆಳೆದುಕೊಳ್ಳುವ ಮೊದಲೇ ಹೇಳಿದಳು.

“ಇರು. ನಾನಿನ್ನೂ ಅಲ್ಲಿಗೆ ಬಂದಿಲ್ಲ.”

ಅವನು ಇದ್ದ. ಅವನ ಹಿಂದೆ ಎಲ್ಲೋ ಒಂದು ಮಗು ಏನೋ ಕೇಳುತ್ತಿತ್ತು, ಅವನು ಅದಕ್ಕೂ ಉತ್ತರಿಸಲಿಲ್ಲ.

ನನಗೆ ಪೆನಾಲ್ಟಿ ಏನಾಯಿತೆಂದು ಗೊತ್ತು. ಬರೆಯುವವನ ತಂತಿ ಓದುವವರದಕ್ಕಿಂತ ಯಾವಾಗಲೂ ಒಂದಿಷ್ಟು ಚುರುಕು. ಆದರೆ ನಾನೂ ಇಲ್ಲಿ ಬಾಯಿ ಮುಚ್ಚಿಕೊಂಡು, ಉಸಿರು ಹಿಡಿದು ನಿಂತಿದ್ದೇನೆ. ಆಟಗಾರ ಓಡಲು ಶುರುಮಾಡಿದ್ದಾನೆ. ಅವಳು ಬರಲಿ.