ಅಪ್ಪನ ಜೇಬಿನೊಳಗಿನ ಓಟ

ಲಿಂಗಸುಗೂರಿನ ಮೈದಾನದಲ್ಲಿ ಸುಕನ್ಯಾ ಕೊನೆಯ ಸುಣ್ಣದ ಗೆರೆ ಮುಟ್ಟುವ ಮೊದಲೇ ಸೀಟಿ ಊದಿ ಆಗಿತ್ತು. ಗೆರೆಯನ್ನೇನೋ ದಾಟಿದಳು, ಆದರೆ ದಾಟಿದ್ದು ಯಾರ ಲೆಕ್ಕಕ್ಕೂ ಬೀಳಲಿಲ್ಲ. ಗಡಿಯಾರ ಹಿಡಿದು ನಿಂತ ಸಾಹೇಬರು ಕೆಟ್ಟವರೇನಲ್ಲ, ಪಾಪ. "ಸ್ವಲ್ಪದಾಗ ಹೋತಲ್ಲವ್ವಾ," ಎಂದು ಅವಳ ಎದೆಯ ಮೇಲಿನ ನಂಬರಿನ ಚೀಟಿ ಬಿಚ್ಚಿಸಿಕೊಂಡರು. ಖಾಕಿ ನೌಕರಿಗೆ ಅರ್ಜಿ ಹಾಕುವ ವಯಸ್ಸು ಅವಳಿಗೆ ಈ ವರ್ಷಕ್ಕೆ ಮುಗಿಯುತ್ತಿತ್ತು. ಇನ್ನೊಂದು ಸಲ ನೋಡೋಣ ಎನ್ನುವ ಹಾಗೇ ಇರಲಿಲ್ಲ.

ಅಲ್ಲ, ಇದು ಆದದ್ದಾದರೂ ಹೇಗೆ? ತುರ್ವಿಹಾಳದ ಕಾಲುವೆ ದಂಡೆಯ ಮೇಲೆ ದಿನಾ ಇದೇ ಸಾವಿರದ ಆರುನೂರು ಮೀಟರನ್ನು ಗಡುವಿಗಿಂತ ಮೊದಲೇ ಓಡಿ ಮುಗಿಸುತ್ತಿದ್ದ ಹುಡುಗಿ. ಅದಕ್ಕೆ ಅವಳಪ್ಪನ ಫೋನೇ ಸಾಕ್ಷಿ. ಅವಳಪ್ಪ ಅಂಬಪ್ಪನದು ಊರ ಬಸ್‌ಸ್ಟ್ಯಾಂಡಿನ ಪಕ್ಕ ಪಂಚರ್ ಅಂಗಡಿ. ಹರೆಯದ ಹುಡುಗಿ ನಸುಕಿನಲ್ಲಿ ಒಬ್ಬಳೇ ಓಡಿದರೆ ಮಂದಿಯ ಬಾಯಿಗೆ ಬೀಗ ಹಾಕುವವರು ಯಾರು? ಅದಕ್ಕೇ ಅವನು ಸೈಕಲ್ ತುಳಿಯುತ್ತ ಜೊತೆಗೆ ಬರುತ್ತಿದ್ದ. ಫೋನನ್ನು ಕೈಯಲ್ಲಿ ಹಿಡಿದು ಓಡಿದರೆ ಬೆವರಿಗೆ ಜಾರುತ್ತಿತ್ತು. ಅವಳ ಪ್ಯಾಂಟಿಗೆ ಜೇಬಿರಲಿಲ್ಲ. ಹೆಣ್ಣುಮಕ್ಕಳ ಬಟ್ಟೆಗೆ ಒಂದು ಜೇಬು ಹಚ್ಚಲು ಈ ದರ್ಜಿಗಳಿಗೆ ಅದೇನು ಹೊಟ್ಟೆನೋವೋ! ಹೀಗಾಗಿ ಫೋನು ಅಪ್ಪನ ಅಂಗಿಯ ಜೇಬಿನಲ್ಲೇ ಇರುತ್ತಿತ್ತು.

ಆ ಫೋನಿನೊಳಗೆ ಇಂಗ್ಲಿಷಿನಲ್ಲಿ ದೂರ ಹೇಳುವ ಹೆಂಗಸೊಬ್ಬಳಿದ್ದಳು. ಅಂಬಪ್ಪನಿಗೆ ಅವಳ ಮೇಲೆ ಎಲ್ಲಿಲ್ಲದ ನಂಬಿಕೆ. "ಮ್ಯಾಲಿಂದ ಸ್ಯಾಟಲೈಟ್ ನೋಡಾಕತ್ತೈತಿ ಬೇ, ಅದಕ್ಕ ಸುಳ್ಳು ಹೇಳಾಕ ಬರ್ತೈತೇನು?" ಎನ್ನುತ್ತಿದ್ದ. ದೂರ ತುಂಬಿದ ಕೂಡಲೇ "ಆತು, ನಿಲ್ಲು ನನ್ನವ್ವಾ!" ಎಂದು ದಂಡೆಯೆಲ್ಲ ಕೇಳುವಂತೆ ಕೂಗುತ್ತಿದ್ದ. ಅಷ್ಟೊತ್ತಿಗೆ ಅವಳು ತೂಬಿನ ಪಕ್ಕದ ಬೇವಿನ ಮರದ ಹತ್ತಿರ ಬಂದಿರುತ್ತಿದ್ದಳು. ಆ ಮರ ಕಂಡೊಡನೆ ಉಳಿದ ಕಸುವನ್ನೆಲ್ಲ ಸುರಿದು ಓಡುವುದು ಅವಳ ಕಾಲಿಗೆ ರೂಢಿಯಾಗಿ ಹೋಗಿತ್ತು.

ಇವತ್ತೂ ಕಾಲು ಹಾಗೇ ಮಾಡಿತು. ಮರ ಬರುವ ಹೊತ್ತಾಯಿತೆಂದು ಇದ್ದಬದ್ದ ಕಸುವನ್ನೆಲ್ಲ ಸುರಿಯಿತು. ಆದರೆ ಮೈದಾನದಲ್ಲಿ ಇನ್ನೂ ಮುಕ್ಕಾಲು ಸುತ್ತು ಬಾಕಿ ಇತ್ತು.

ಸಿಂಧನೂರಿನ ಬಸ್ ಹಿಡಿಯಬೇಕೆಂದು ಅಪ್ಪ ಮಗಳು ಮಸ್ಕಿಯಲ್ಲಿ ಇಳಿದು ಬಸ್‌ಸ್ಟ್ಯಾಂಡಿನ ಚಹಾದಂಗಡಿಯ ಬೆಂಚಿನ ಮೇಲೆ ಕೂತರು. ಅಂಬಪ್ಪನ ಸಿಟ್ಟು ಇನ್ನೂ ಇಳಿದಿರಲಿಲ್ಲ. "ಅವ್ರ ಮೈದಾನನ ಉದ್ದ ಐತಿ. ಅಳತಿ ತಪ್ಪ್ಯಾರ. ಬೇಕಾದ್ರ ಇದ್ರಾಗ ನೋಡು," ಎಂದು ಫೋನನ್ನು ಅವಳ ಕೈಗೆ ತುರುಕಿ ಚಹಾ ತರಲು ಹೋದ.

ಸುಕನ್ಯಾ ನಿನ್ನೆಯ ಓಟ ತೆಗೆದಳು. ನಕಾಶೆಯಲ್ಲಿ ಕಾಲುವೆಯ ಗುಂಟ ಕೆಂಪು ಗೆರೆ. ಇಷ್ಟು ದಿನ ಅವಳು ದೂರವನ್ನು ಮಾತ್ರ ನೋಡಿದ್ದಳು, ಗೆರೆಯನ್ನು ಯಾವತ್ತೂ ದೊಡ್ಡದು ಮಾಡಿ ನೋಡಿರಲಿಲ್ಲ. ಈಗ ಎರಡು ಬೆರಳಿಟ್ಟು ಹಿಗ್ಗಿಸಿದಳು. ಕೋಳಿ ಅಂಗಡಿಯವರು ಕಸ ಸುರಿಯುವ ಸೇತುವೆಯ ಬಳಿ ಗೆರೆ ನೆಟ್ಟಗಿರಲಿಲ್ಲ. ಮುಂದೆ ಹೋಗಿ ಹಿಂದೆ ಬಂದು, ಮತ್ತೆ ಮುಂದೆ ಹೋಗಿ ಸಿಕ್ಕುಬಿದ್ದ ದಾರದ ಹಾಗಿತ್ತು. ಹುಡುಗರು ಕೂತಿರುವ ಕಟ್ಟೆಯ ಹತ್ತಿರವೂ ಹಾಗೇ. ಮೊನ್ನೆಯದು, ಅದರ ಹಿಂದಿನದು, ಎಲ್ಲವೂ ಅಂಥವೇ.

ಕಸದ ಹತ್ತಿರ ನಾಯಿಗಳಿದ್ದವು. ಅವಳು ಸೇತುವೆಗೆ ಬರುವ ಮೊದಲೇ ಅಪ್ಪ ಸೈಕಲ್ ಜೋರು ತುಳಿದು ಮುಂದೆ ಹೋಗಿ "ಹಚ್ಯಾ! ಹಚ್ಯಾ!" ಎಂದು ಅವನ್ನು ಓಡಿಸುತ್ತಿದ್ದ. ಅಂಜಿದಳೇನೋ ಎಂದು ತಿರುಗಿ ಅವಳ ಹತ್ತಿರ ಬರುತ್ತಿದ್ದ. ನಾಯಿ ಮತ್ತೆ ಬಂದಾವೆಂದು ಮತ್ತೆ ಮುಂದೆ ಹೋಗುತ್ತಿದ್ದ. ಹುಡುಗರ ಕಟ್ಟೆಯ ಹತ್ತಿರವೂ ಅವನದು ಇದೇ ಕಾವಲು. ಫೋನು ಪಾಪ, ಜೇಬಿನಲ್ಲಿ ಕೂತು ಅದನ್ನೆಲ್ಲ ಪ್ರಾಮಾಣಿಕವಾಗಿ ಅಳೆದಿತ್ತು. ಅದು ಹೇಳಿದ್ದು ಅಪ್ಪನ ದೂರ. ಅವಳು ಒಂದು ದಿನವೂ ಪೂರ್ತಿ ಓಡಿರಲೇ ಇಲ್ಲ.

ಸಿಟ್ಟು ಬಂತು. ಯಾಕೆ ಬರಬಾರದು? ಒಂದು ಕ್ಷಣ ಅವನ ಮೇಲೆ ಹರಿಹಾಯ್ದುಬಿಡಬೇಕೆನಿಸಿತು. ಅಷ್ಟರಲ್ಲಿ ಅಂಬಪ್ಪ ಚಹಾ ತಂದ. ತನ್ನ ಕಪ್ಪನ್ನು ಬೆಂಚಿನ ಮೇಲಿಟ್ಟು, ಅವಳದನ್ನು ಊದಿ ಆರಿಸಿ ಕೈಗೆ ಕೊಟ್ಟ.

"ಏನೈತಿ ಅದ್ರಾಗ? ಫೋನ್ ಸುಳ್ಳು ಹೇಳೈತೇನು?" ಎಂದು ಕೇಳಿದ. ದನಿ ಸಣ್ಣಗಾಗಿತ್ತು.

ಹೇಳಿದರೆ ಈ ಮನುಷ್ಯ ಉಳಿಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅವನು ಉಣ್ಣುವುದು ಬಿಟ್ಟಾನು, ಸೈಕಲ್ ಮಾರಿಯಾನು, ಸಾಯುವ ತನಕ ಅದನ್ನೇ ಕೊರಗಿಯಾನು.

"ಇಲ್ಲಪಾ. ಫೋನ್ ಖರೇನ ಹೇಳೈತಿ. ನನ್ನ ಕಾಲಾಗನ ಕಸುವಿಲ್ಲ," ಎಂದಳು.

ಅಂಬಪ್ಪ ಫೋನನ್ನು ಇಸಿದುಕೊಂಡು ಜೇಬಿಗೆ ಹಾಕಿಕೊಂಡ. ಆಮೇಲೆ, "ಹಂಗನಬ್ಯಾಡ. ದಿನಾ ನಾನ ನೋಡೀನಿ," ಎಂದ. ಆದರೆ ಅವಳ ಕಾಲಿನ ಕಡೆ ಒಮ್ಮೆ ನೋಡಿದ. ಅವಳ ಮಾತನ್ನು ನಂಬಿದ್ದ. ಆ ನೋಟ ಸುಕನ್ಯಾಳನ್ನು ಸೀಟಿಗಿಂತ ಹೆಚ್ಚು ನೋಯಿಸಿತು.

ಸಿಂಧನೂರಿನ ಬಸ್ ಬಂತು. ಮಂದಿಯೋ ಮಂದಿ. ಅಂಬಪ್ಪ ಓಡಿಹೋಗಿ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿದ. ತಿರುಗಿ ಅವಳ ಕಡೆ ಓಡಿಬಂದು ಬ್ಯಾಗು ಕಸಿದುಕೊಂಡ. ಮತ್ತೆ ಬಾಗಿಲಿನ ತನಕ ಓಡಿ, "ಸರೀರಿ, ಜರಾ ಸರೀರಿ, ಹುಡುಗಿ ಬರಾಕತ್ತ್ಯಾಳ," ಎಂದು ಮಂದಿಯನ್ನು ಸರಿಸಿ, ಅವಳು ಬಂದಳೋ ಇಲ್ಲವೋ ಎಂದು ಮತ್ತೆ ಹಿಂದೆ ಬಂದ. ಅಷ್ಟಾದರೂ ಅವಳಿನ್ನೂ ಬೆಂಚು ಬಿಟ್ಟು ಸರಿಯಾಗಿ ಎದ್ದಿರಲಿಲ್ಲ.

ಆಗ ಸುಕನ್ಯಾಳಿಗೆ ಅಳು ತಡೆಯಲಾಗಲಿಲ್ಲ. ಬಸ್‌ಸ್ಟ್ಯಾಂಡಿನ ನಡುವೆ, ನಾಲ್ಕು ಮಂದಿಯ ಮುಂದೆ, ಬಿಕ್ಕಿ ಬಿಕ್ಕಿ ಅತ್ತಳು.

ಅಂಬಪ್ಪ ಗಾಬರಿಯಾದ. "ಅಳಬ್ಯಾಡ ಬೇ, ನೌಕರಿ ಹೋದ್ರ ಹಾಳಾಗಿ ಹೋಗ್ಲಿ. ನೀ ಓಡಿದ್ದು ಕಡಿಮೀ ಏನಲ್ಲ. ಕಷ್ಟಪಟ್ಟಾಕಿ ನೀನ. ನಾ ಏನ್ ಮಾಡೀನಿ, ಬರೇ ಸೈಕಲ್ ತುಳದೀನಿ," ಎಂದು ಮತ್ತೆ ಬಸ್ಸಿನ ಕಡೆ ತಿರುಗಿದ.

ಸುಕನ್ಯಾ ಅವನ ತೋಳನ್ನು ಗಟ್ಟಿಯಾಗಿ ಹಿಡಿದಳು.

"ಮುಂದ ಹೋಗಬ್ಯಾಡ ಯಪ್ಪಾ. ನನ್ನ ಜೋಡಿನ ನಡಿ."

"ಸೀಟು ಹೋಗ್ತೈತಲ್ಲ ಬೇ."

"ಹೋಗ್ಲಿ," ಎಂದಳು.