ಡಾಂಬರಿಗೆ ಹೋದ ಚೀಲ

ಮುದ್ದೆ ಮುರಿಯುತ್ತಾ ಮಂಟಯ್ಯ ಕೇಳಿದ, "ಸೊಪ್ಪು ಬೇಯ್ಸೋ ಬ್ಯಾರನ್ ಮೂಲೇಲಿ ಒಂದು ಚೀಲ ಕಟ್ಟಿಟ್ಟಿದ್ದೆ. ಎಲ್ಲೋಯ್ತಮ್ಮಿ?"

"ರಸ್ತೆ ಕೆಲ್ಸಕ್ಕೆ ಕೊಟ್ಟೆ. ನಿನ್ನೆ ನಮ್ ಸಂಘಕ್ಕೆ ಒಂದು ಚೀಲ ಕಮ್ಮಿ ಬಿದ್ದಿತ್ತು," ಎಂದಳು ರಾಚಮ್ಮ.

"ಅಯ್ಯೋ, ಒಗೆಸೊಪ್ಪಿಗೆ ಒಡ್ದ ಔಷ್ದಿ ಕವರೆಲ್ಲ ಅದ್ರಾಗೇ ಇದ್ದೋ ಕಣಮ್ಮಿ! ದನ ತಿಂದಾವು ಅಂತ ನಾನೇ ತುರುಕಿದ್ದೆ."

ರಾಚಮ್ಮನ ಕೈಲಿದ್ದ ಸಾರಿನ ಸೌಟು ಹಾಗೇ ನಿಂತಿತು.

ಅದು ಎರಡು ಸಾವಿರದ ಆರನೇ ಇಸವಿಯ ಬೇಸಿಗೆ. ಬೆಟ್ಟದಪುರದಿಂದ ಅವರ ಊರಿಗೆ ಹೊಸ ಬಗೆಯ ಡಾಂಬರು ಹಾಕುತ್ತಿದ್ದರು. ಊರಿನ ಪ್ಲಾಸ್ಟಿಕ್ ಕವರನ್ನೆಲ್ಲ ಹೆಂಗಸರ ಸಂಘದವರು ಆಯ್ದು, ತೊಳೆದು, ಯಂತ್ರಕ್ಕೆ ಕೊಟ್ಟು ಕಡಲೆಬೇಳೆಯಷ್ಟು ಚೂರು ಮಾಡಬೇಕು. ಕಾದ ಜಲ್ಲಿಯ ಮೇಲೆ ಅದನ್ನು ಸುರಿದರೆ ಕರಗಿ ಕಲ್ಲಿಗೆ ಮೆತ್ತಿಕೊಳ್ಳುತ್ತದೆ. ಆಮೇಲೆ ಡಾಂಬರು ಬಿದ್ದರೆ ಮಳೆಗೂ ಬಿಡುವುದಿಲ್ಲ. ಔಷಧಿ ಕವರು ಮಾತ್ರ ಕೂಡದು, ಬಿಸಿಗೆ ವಿಷ ಹೊಗೆಯಾಗಿ ಏಳುತ್ತದೆ ಎಂದು ಇಂಜಿನಿಯರು ಬೆರಳೆತ್ತಿ ಹೇಳಿದ್ದರು. ಎಲ್ಲರಿಗಿಂತ ಮೊದಲು ತಲೆಯಾಡಿಸಿದ್ದವಳೇ ರಾಚಮ್ಮ. ಆದರೆ ಬ್ಯಾರನ್ ಚೀಲದ ಬಾಯಲ್ಲಿ ಗೊಬ್ಬರದ ಚೀಲದ ಒಳಕವರುಗಳು ಕಂಡವು. ಗಂಡ ಕಟ್ಟಿಟ್ಟದ್ದು ತಾನೇ ಎಂದು ಕೆಳಗೇನಿದೆ ನೋಡದೆ, ತೊಳೆಯದೆ, ಮೂಗಿಗೆ ಸೆರಗು ಸುತ್ತಿಕೊಂಡು ಯಂತ್ರಕ್ಕೆ ಸುರಿದಿದ್ದಳು.

ಇವತ್ತು ಜಲ್ಲಿ ಮಿಕ್ಸರಿನ ಬಾಯಿಗೆ ಚೂರು ಸುರಿಯುತ್ತಿದ್ದವಳು ಅವಳ ಒಡಹುಟ್ಟಿದ ತಂಗಿ ಚಿಕ್ಕಬೀರಮ್ಮ. ಆ ಕೆಲಸ ಕೊಡಿಸಿದ್ದೂ ರಾಚಮ್ಮನೇ.

ಮಂಟಯ್ಯ ಕೈ ತೊಳೆಯದೆ ಗಾಡಿ ಹತ್ತಿದ. ಹಿಂದೆ ಕೂತ ರಾಚಮ್ಮನಿಗೆ ದಾರಿಯುದ್ದಕ್ಕೂ ಕಂಡದ್ದು ಎದುರಿನ ಹೊಗೆಯೊಂದೇ. ಕಪ್ಪೋ ಹಳದಿಯೋ ಗೊತ್ತಾಗುತ್ತಿರಲಿಲ್ಲ.

ಚಿಕ್ಕಬೀರಮ್ಮ ಹೊಂಗೆ ಮರದ ಕೆಳಗೆ ಕುಕ್ಕರುಗಾಲಲ್ಲಿ ಕೂತಿದ್ದಳು. ಕಣ್ಣಲ್ಲಿ ನೀರು, ಬಾಯಲ್ಲಿ ಜೊಲ್ಲು. ಮೈ ಬೆವೆತು ರವಿಕೆ ಅಂಟಿಕೊಂಡಿತ್ತು.

ಮೇಸ್ತ್ರಿ ಕರಿಯಪ್ಪ ನಗಾಡಿದ. "ನೋಡವ್ವ ರಾಚಮ್ಮ, ಒಗೆಸೊಪ್ಪು ಬೇಯ್ಸೋರ ಮನೆ ಎಣ್ಮಗ್ಳಿಗೆ ಒಗೆ ಆಗಾಕಿಲ್ವಂತೆ!"

"ಮಿಕ್ಸರ್ ನಿಲ್ಸಣ್ಣ," ಎಂದಳು ರಾಚಮ್ಮ. "ನಿಲ್ಸು! ಚೀಲದಾಗೆ ವಿಷದ ಕವರ್ ಅವೆ. ನಾನೇ ಆಕ್ದೋಳು."

ಕರಿಯಪ್ಪನ ನಗು ಬತ್ತಿತು. "ಎಲ್ರೂ ಗಾಳಿ ಬರೋ ಕಡೀಕೆ ಓಡ್ರಲೇ!" ಎಂದು ಕೂಗಿ ಯಂತ್ರ ನಿಲ್ಲಿಸಿದ. ಉಳಿದವರಿಗೆ ಕಣ್ಣುರಿಯಷ್ಟೇ. ಆ ಚೀಲದ ಚೂರಿನಲ್ಲಿ ಅರ್ಧ ಇನ್ನೂ ಸುರಿಯದೆ ಉಳಿದಿತ್ತು.

"ಬಿಸ್ಲಿಗೆ ಕಣಕ್ಕ, ಬುಡು," ಎಂದ ತಂಗಿ ಅಷ್ಟಕ್ಕೇ ವಾಂತಿ ಮಾಡಿಕೊಂಡಳು.

ಅವಳನ್ನೂ ಅರ್ಧ ಚೀಲವನ್ನೂ ಟಿಪ್ಪರಿಗೆ ಹಾಕಿಕೊಂಡು ಪಿರಿಯಾಪಟ್ಟಣದ ಆಸ್ಪತ್ರೆಗೆ ತಂದರು. ಡಾಕ್ಟರು ಅವಳ ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿದರು.

"ಯಾವ ಔಷಧಿ? ಹೆಸರು ಹೇಳಿ ಬೇಗ."

"ಅಂಗ್ಡಿಯೋನು ಕೊಟ್ಟದ್ದು ಸಾ," ಎಂದ ಮಂಟಯ್ಯ. "ಮ್ಯಾಲೆ ಹಳ್ದಿ, ಒಳ್ಗೆ ಬೆಳ್ಳಿ ಬಣ್ಣ. ಎಸ್ರು ಯಾರು ನೋಡ್ತಾರೆ?"

ಹೆಸರಿದ್ದ ಕವರನ್ನು ತಾನೇ ಕಡಲೆಬೇಳೆ ಮಾಡಿದ್ದಳಲ್ಲ! ರಾಚಮ್ಮ ಜಗುಲಿಯಲ್ಲಿ ಚೀಲ ಸುರಿದು, ಕೈಗೆ ಪ್ಲಾಸ್ಟಿಕ್ ಸುತ್ತಿಕೊಂಡು ಆಯತೊಡಗಿದಳು. ಬೇಯಿಸಿದ ಹೊಗೆಸೊಪ್ಪಿನ ಎಲೆಯೊಳಗಿಂದ ನೂಲೆಳೆ, ಕೂದಲೆಳೆ ಹೆಕ್ಕಿ ತೆಗೆದ ಬೆರಳುಗಳು ಅವು. ಈಗ ಒಂದು ಚೂರು ಹಿಡಿದರೆ ಎರಡು ಉದುರುತ್ತಿದ್ದವು. ಹಾಲಿನ ಕವರಿನ ನೀಲಿ, ಸೋಪಿನ ಕೆಂಪು. ಒಂದು ಹಳದಿ ಸಿಕ್ಕಿತು. ತಿರುಗಿಸಿದರೆ ಬೆಳ್ಳಿಯಿಲ್ಲ, ಚಹಾ ಪುಡಿಯದು. ಒಳಗೆ ತಂಗಿಯ ಉಸಿರು ಗೊರಗೊರ ಎನ್ನುತ್ತಿತ್ತು. ಆ ಸದ್ದು ನಡುವೆ ನಿಂತಾಗಲೆಲ್ಲ ಅವಳ ಬೆರಳೂ ನಿಲ್ಲುತ್ತಿತ್ತು. ಮತ್ತೆ ಕೇಳಿಸಿದ ಮೇಲೆಯೇ ಮುಂದಿನ ಚೂರು.

ಹಳದಿ, ಬೆಳ್ಳಿ. ಮತ್ತೊಂದು. ನಾಲ್ಕನೆಯದರಲ್ಲಿ ಅಕ್ಷರವಿತ್ತು.

ಡಾಕ್ಟರು ಆರು ಚೂರನ್ನು ಮೇಜಿನ ಮೇಲೆ ಒತ್ತೊತ್ತಾಗಿ ಜೋಡಿಸಿ ಓದಿದರು. ನರ್ಸನ್ನು ಕರೆದು ಇಂಜೆಕ್ಷನ್ ಹೆಸರು ಹೇಳಿದರು. "ಗಂಟೆಗೆರಡು ಸಲ ನೋಡ್ಬೇಕು. ಬೆಳಗಿನವರೆಗೆ ಏನೂ ಹೇಳಕ್ಕಾಗಲ್ಲ."

ರಾಚಮ್ಮ ಮಂಚದ ಪಕ್ಕ ನೆಲದಲ್ಲಿ ಕೂತಳು. ತಂಗಿಯನ್ನು ಮುಟ್ಟಲು ಹೆದರಿಕೆ, ಕೈಯಲ್ಲಿ ಇನ್ನೂ ವಿಷವಿದ್ದರೆ? ಸೋಪು ಹಚ್ಚಿ ಮೂರು ಸಲ ತೊಳೆದು ಬಂದು, ನಾಲ್ಕನೇ ಸಲ ತೊಳೆಯಲು ಎದ್ದಳು.