ಕೇತಮ್ಮನ ಎಲೆಚೀಲವೂ ನಾನೂ

ನಾನೊಂದು ಧ್ವನಿಮುದ್ರಕ. ಕಾರ್ಖಾನೆಯಲ್ಲಿ ನನ್ನನ್ನು ಜೋಡಿಸಿದವರು ಬಾಯಿಗಿಂತ ಮೊದಲು ಕಿವಿಯನ್ನು ಇಟ್ಟರು. ಆ ಜಂಬ ನನಗೆ ಬಹಳ ಕಾಲ ಇತ್ತು. ನನ್ನನ್ನು ಕೊಂಡವಳು ವಿನುತಾ. ಕಾಡಿನ ಸೋಲಿಗರ ಬದುಕನ್ನು ಅವರ ಮಾತಿನಲ್ಲೇ ಕೇಳಿ ಬರೆಯಲು ಹೊರಟ ಸಂಶೋಧಕಿ. ಜೇನು ಇಳಿಸುವಾಗ ಹಾಡುವ ಹಾಡೊಂದಿದೆ, ಅದು ಪೂರ್ತಿ ಬರುವುದು ಕೇತಮ್ಮಜ್ಜಿಗೆ ಮಾತ್ರ ಎಂದು ದಾರಿಯಲ್ಲೇ ಕೇಳಿದೆ. ಅದು ನನ್ನ ಹೊಟ್ಟೆ ಸೇರಬೇಕೆಂದು ಅಂದೇ ಆಸೆಪಟ್ಟೆ.

ಮೊದಲ ದಿನ ವಿನುತಾ ನನ್ನನ್ನು ಜನರ ನಡುವೆ ಇಟ್ಟಳು. ಮಾತು ನಿಂತೇಹೋಯಿತು.

"ಅದ್ಯಾಕವ್ವ, ಇಲಿಬೋನು ಮಡಗ್ದಂಗೆ ಮಡಗಿದ್ದೀಯೆ? ನಮ್ ಮಾತ ಹಿಡ್ಕಂಡೋದೀಯಾ?" ಎಂದಳು ಕೇತಮ್ಮ. ಎಲ್ಲರೂ ನಕ್ಕರು.

ವಿನುತಾ ನಾಚಿ ನನ್ನನ್ನು ಜೋಳಿಗೆಗೆ ಸೇರಿಸಿದಳು. ನನ್ನ ಜಾಗಕ್ಕೆ ಬಂದದ್ದು ಅಜ್ಜಿಯ ಎಲೆಅಡಿಕೆ ಚೀಲ. ಬಣ್ಣಗೆಟ್ಟು ಸುಣ್ಣದ ಕಲೆಯಾದ ಬಟ್ಟೆಚೀಲ! ಅದು ಕೈಯಿಂದ ಕೈಗೆ ಒಂದು ಸುತ್ತು ಬರುವ ತನಕ ಯಾರೂ ಏನನ್ನೂ ಕೇಳುವಂತಿಲ್ಲ. ಆಮೇಲೆ ಮಾತು ತಾನಾಗಿ ಹುಟ್ಟುತ್ತಿತ್ತು. ವಿನುತಾ ರಾಗಿ ಕೇರುತ್ತ, ಸೊಪ್ಪು ಸೋಸುತ್ತ ಕೇಳಿಸಿಕೊಳ್ಳುತ್ತಿದ್ದಳು. ಜೋಳಿಗೆಯೊಳಗೆ ನಾನು ಉರಿಯುತ್ತಿದ್ದೆ. ಕಿವಿ ನನ್ನದು, ಮರ್ಯಾದೆ ಆ ಚೀಲದ್ದು!

ಎರಡು ಮಳೆಗಾಲ ಕಳೆದ ಮೇಲೆ ಕೇತಮ್ಮನೇ, "ಎಲ್ಲವ್ವ ನಿನ್ ಬೋನು? ತಗಿ" ಎಂದಳು. "ಆದ್ರೆ ಮೊದ್ಲು ನಮ್ಗೆ ಕೇಳ್ಸು. ಬ್ಯಾಡ ಅಂದ್ರೆ ಅಳಿಸ್ಬುಡ್ಬೇಕು."

ಕೂತಲ್ಲೇ ಹಾಡಿದಳು. ಒಂದು ಉಸಿರನ್ನೂ ಚೆಲ್ಲದೆ ತುಂಬಿಕೊಂಡೆ. ಪಕ್ಕದಲ್ಲಿದ್ದ ಚೀಲವನ್ನು ನೋಡಿ ಬೀಗಿದೆ.

ಮರಳಿ ಕೇಳಿಸಿದಾಗ ಅಜ್ಜಿಯ ಮುಖ ಸಪ್ಪಗಾಯಿತು. "ಮರ ಇಲ್ಲ, ಜೇನಿಲ್ಲ, ಬರೀ ನನ್ ಗಂಟ್ಲು ಅರಚ್ತಾದೆ. ಜೇನ ಕೇಳ್ದೆ ಅದ್ರ ಹಾಡ ಕೊಟ್ಬುಟ್ನಲ್ಲ! ಅಳಿಸವ್ವ."

ವಿನುತಾ ನನ್ನನ್ನು ಕೈಗೆತ್ತಿಕೊಂಡಳು. ಬೇಡವೆಂದು ನಾನು ಮೊರೆಯಿಟ್ಟೆ. ಅವಳು ಅಳಿಸಿದಳು.

"ಇದ ಮಡಿಕೊ" ಎಂದು ಕೇತಮ್ಮ ನನ್ನತ್ತ ಬಾಗಿದಳು: "ಹಾಡು ಬೇಕಂದ್ರೆ ಮರದಡಿಗೆ ಬನ್ನಿ. ಎಲಡ್ಕೆ ತನ್ನಿ."

ಕೆಲಸ ಮುಗಿದಾಗ ವಿನುತಾ, ಈ ಮಾತುಗಳು ನಿಮ್ಮವು ಎಂದು ನನ್ನನ್ನು ಅವರಿಗೇ ಒಪ್ಪಿಸಿದಳು. ಕೇತಮ್ಮ ಈಗಿಲ್ಲ. ಮರದಡಿಯಲ್ಲಿ ನಿಂತು ಹಾಡು ಕಲಿತ ಮೊಮ್ಮಗಳು ಬೊಮ್ಮಿಯ ಮನೆಯ ಗೂಡಿನಲ್ಲಿ ನಾನಿದ್ದೇನೆ. ಮೈ ಸವೆದಿದೆ, ದನಿ ಗೊಗ್ಗರಾಗಿದೆ. ಮೇಲಿನ ಮೊಳೆಗೆ ಅದೇ ಚೀಲ.

ಜೇನಿನ ಕಾಲ ಬಂತೆಂದರೆ ನೆಂಟರು ಹಾಡು ಕೇಳಬೇಕೆನ್ನುತ್ತಾರೆ. ಬೊಮ್ಮಿ ನನ್ನ ಗುಂಡಿ ಒತ್ತುತ್ತಾಳೆ. "ಮರದಡಿಗೆ ಬನ್ನಿ" ಎನ್ನುತ್ತಾಳೆ ನನ್ನೊಳಗಿನ ಅಜ್ಜಿ. ಬೊಮ್ಮಿ ನಕ್ಕು ಚೀಲವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಡುತ್ತಾಳೆ, ಎಲ್ಲರೂ ಹಿಂದೆ. ಸ್ವಲ್ಪ ಹೊತ್ತಿಗೆ ದೂರದಲ್ಲಿ ಹಾಡು ಏಳುತ್ತದೆ.

ಆ ಚೀಲಕ್ಕೆ ಕಿವಿಯೇ ಇಲ್ಲ. ಆದರೂ ಮರದಡಿಯಲ್ಲಿರುವುದು ಅದೇ. ಹೊಟ್ಟೆಯುರಿ ಇನ್ನೂ ಆರಿಲ್ಲ. ಆದರೆ ಅವರನ್ನು ಅಲ್ಲಿಗೆ ಕರೆದದ್ದು ಯಾರು? ನಾನೇ ಅಲ್ಲವೇ?